ಗೇರ್ ಅಂದರೆ ಮೊದಲು ಬಟ್ಟೆ, ಆಮೇಲೆ ಚಕ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಗ್ಲಿಷಿನ ‘ಗೇರ್’ ಪದದ ಬಗ್ಗೆ ಪ್ರಶ್ನೆ ಬರುವುದು ನಿಂತೇ ಇಲ್ಲ. ಕಾರಣ ಗೊತ್ತು. ಮೊಬೈಲಿನಿಂದ ಮೊಬೈಲಿಗೆ ಒಂದು ಕತೆ ಓಡಾಡುತ್ತಿದೆ. ಅದನ್ನೇ ತರಗತಿಯಲ್ಲಿ ಪಾಠ ಮಾಡುವವರೂ ಇದ್ದಾರೆ ಅಂತ ಓದುಗರು ಬರೆಯುತ್ತಾರೆ. ಹಾಗಾಗಿ ಈ ಸಲ ಒಂದು ಪ್ರಶ್ನೆಗೆ ಜಾಸ್ತಿ ಜಾಗ ಕೊಟ್ಟು, ಉಳಿದವನ್ನು ಚಿಕ್ಕದಾಗಿ ಮುಗಿಸುತ್ತೇನೆ.

ಪ್ರಶ್ನೆ: ಬೈಕಿನ ಗೇರ್, ಬೈಕ್ ಓಡಿಸುವವರು ಹಾಕಿಕೊಳ್ಳುವ ರೈಡಿಂಗ್ ಗೇರ್ ಎರಡೂ ಒಂದೇ ಪದವಾ? ಮೊದಲು ಹಲ್ಲಿನ ಚಕ್ರಕ್ಕೆ ಗೇರ್ ಅನ್ನುತ್ತಿದ್ದರಂತೆ. ಗಾಡಿ ಓಡಿಸುವವರ ಜಾಕೆಟ್ಟು, ಹೆಲ್ಮೆಟ್ಟಿಗೆ ಆಮೇಲೆ ಅದೇ ಹೆಸರು ಅಂಟಿಕೊಂಡಿತು ಅಂತ ಒಂದು ವಿಡಿಯೊದಲ್ಲಿ ಕೇಳಿದೆ. ನಿಜವಾ?

ಪದ ಒಂದೇ, ಅಷ್ಟು ನಿಜ. ಉಳಿದದ್ದೆಲ್ಲ ತಲೆಕೆಳಗು. ಮೈಮೇಲಿನ ಗೇರ್ ಮೊದಲು ಬಂದದ್ದು. ಹಲ್ಲಿನ ಚಕ್ರ ಅದಕ್ಕಿಂತ ಎಷ್ಟೋ ತಲೆಮಾರು ಈಚಿನದು. ಆ ವಿಡಿಯೊ ಮಾಡಿದವರು ಯಾವುದಾದರೂ ಒಳ್ಳೆಯ ನಿಘಂಟು ತೆರೆದು ಐದು ನಿಮಿಷ ನೋಡಿದ್ದರೆ ಸಾಕಿತ್ತು.

ನಮಗೆ ಈ ಗೊಂದಲ ಆಗುವುದಕ್ಕೆ ಕಾರಣ ಇದೆ. ಈ ಪದ ಕನ್ನಡಕ್ಕೆ ಬಂದದ್ದೇ ಗಾಡಿಯ ಜೊತೆ. ಗೇರ್ ಹಾಕು, ಗೇರ್ ಬದಲಿಸು, ಗೇರ್ ಗಾಡಿ, ಗೇರ್ ಇಲ್ಲದ ಗಾಡಿ. ಡ್ರೈವರ್ ಕೈಯಲ್ಲಿರುವ ಸರಳಿಗೂ ನಾವು ಗೇರ್ ಅಂತಲೇ ಹೇಳುತ್ತೇವೆ. ಅಂದರೆ ಈ ಪದದ ಉದ್ದ ಬಾಳಿನ ಕೊನೆಯ ತುಂಡು ಮಾತ್ರ ನಮ್ಮ ಕೈಗೆ ಸಿಕ್ಕಿದೆ. ರೈಡಿಂಗ್ ಗೇರ್ ಅನ್ನುವ ಮಾತು ನಮ್ಮ ಕಿವಿಗೆ ಬಿದ್ದದ್ದು ತೀರ ಈಚೆಗೆ. ನಮಗೆ ಹೊಸದು ಅಂದಮಾತ್ರಕ್ಕೆ ಇಂಗ್ಲಿಷಿಗೂ ಹೊಸದು ಅಂದುಕೊಂಡರೆ ಹೇಗೆ?

ಪದ ಬಂದದ್ದು ಹಳೆಯ ನಾರ್ಸ್ ಭಾಷೆಯಿಂದ, ಅಂದರೆ ಸ್ಕ್ಯಾಂಡಿನೇವಿಯದ ವೈಕಿಂಗರ ಭಾಷೆಯಿಂದ. ಅಲ್ಲಿ ‘ಗೆರ್ವಿ’ ಅಂದರೆ ಉಡುಪು, ತೊಡುಗೆ. ಅದರ ಬೇರಿನಲ್ಲಿರುವ ಅರ್ಥ ‘ಸಿದ್ಧ’. 865ರಲ್ಲಿ ಅವರ ದೊಡ್ಡ ಸೇನೆ ಇಂಗ್ಲೆಂಡಿಗೆ ಬಂದಿಳಿಯಿತು. 876ರಲ್ಲಿ ಉತ್ತರದ ನಾರ್ತಂಬ್ರಿಯದ ನೆಲ ಹಂಚಿಕೊಂಡು ಉಳಲು ಶುರುಮಾಡಿದರು ಅಂತ ಇಂಗ್ಲೆಂಡಿನ ಹಳೆಯ ಚರಿತ್ರೆಯ ದಾಖಲೆಯಾದ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತ ಹೇಳುತ್ತದೆ. ಅಕ್ಕಪಕ್ಕದ ಹೊಲದಲ್ಲಿ ದುಡಿಯುವವರ ನಡುವೆ ಪದಗಳು ದಾಟದೆ ಇರುತ್ತವಾ? ಮೊಟ್ಟೆಗೆ ‘ಎಗ್’, ಚಾಕುವಿಗೆ ‘ನೈಫ್’, ಕಿಟಕಿಗೆ ‘ವಿಂಡೊ’, ಎಲ್ಲ ಅವರ ಕಡೆಯಿಂದ ಬಂದ ಪದಗಳೇ.

ಇಂಗ್ಲಿಷಿನಲ್ಲಿ ಇದೇ ಬೇರಿನ ಸ್ವಂತ ಪದವೂ ಇತ್ತು. ಆದರೆ ಅದು ‘ಯ’ ಸದ್ದಿನಿಂದ ಶುರುವಾಗುತ್ತಿತ್ತು. ಹಳೆಯ ಇಂಗ್ಲಿಷಿನಲ್ಲಿ ಇಂಥ ಕಡೆ ‘ಗ’ ಮೆತ್ತಗಾಗಿ ‘ಯ’ ಆಗಿಬಿಡುತ್ತಿತ್ತು. ನಾರ್ಸಿನಲ್ಲಿ ಗಟ್ಟಿಯಾಗೇ ಉಳಿಯಿತು. ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕ ಶುರುವಾಗುವುದೇ ಬಿರುಗಾಳಿಯಲ್ಲಿ. ಅಲ್ಲಿ ನಾವಿಕರಿಗೆ ‘ಯೇರ್, ಯೇರ್’ ಅಂತ ಕೂಗುವುದು ಕೇಳಿಸುತ್ತದೆ. ಬೇಗ, ತಯಾರಾಗಿ ಅಂತ ಅದರ ಅರ್ಥ. ಅದು ಗೇರ್‌ನ ಇಂಗ್ಲಿಷ್ ಕಡೆಯ ನೆಂಟ. ಬಟ್ಟೆಯಲ್ಲೇ ಇನ್ನೊಂದು ಜೋಡಿ ನೋಡಿ. ‘ಶರ್ಟ್’ ಇಂಗ್ಲಿಷಿನ ಸ್ವಂತ ಪದ, ‘ಸ್ಕರ್ಟ್’ ನಾರ್ಸಿನದು. ಹುಟ್ಟಿನಲ್ಲಿ ಎರಡೂ ಒಂದೇ. ಒಂದು ಸೊಂಟದ ಮೇಲೆ ನಿಂತಿತು, ಇನ್ನೊಂದು ಕೆಳಗೆ ಇಳಿಯಿತು.

ಈಗ ಮುಖ್ಯ ವಿಷಯ. ಮಧ್ಯಕಾಲದಲ್ಲಿ ಗೇರ್ ಅಂದರೆ ಏನು? ಬಟ್ಟೆ. ಕವಚ ಮತ್ತು ಆಯುಧ. ಕಸುಬಿನ ಸರಂಜಾಮು. ಮನೆಯ ಸೊತ್ತು. ಇದನ್ನು ಕೇಳಿ, ಹಾಗಾದರೆ ಆಗಿನವರಿಗೆ ಸ್ಪಷ್ಟತೆ ಇರಲಿಲ್ಲವಾ ಅಂತ ಕೆಲವರು ಕೇಳುತ್ತಾರೆ. ನಮ್ಮ ‘ಸಾಮಾನು’ ಅನ್ನುವ ಪದ ನೋಡಿ. ಅಡುಗೆ ಸಾಮಾನು, ಅಂಗಡಿ ಸಾಮಾನು, ಮದುವೆ ಸಾಮಾನು, ಗಾರೆ ಕೆಲಸದವರ ಸಾಮಾನು. ಬಸ್ಸಿನಲ್ಲಿ ‘ಸಾಮಾನು ಮೇಲೆ ಇಡಿ’ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಯಾರು, ಎಲ್ಲಿ, ಯಾವ ಕೆಲಸಕ್ಕೆ ಅನ್ನುವುದರಿಂದ ಅರ್ಥ ತಾನಾಗೇ ಗೊತ್ತಾಗುತ್ತದೆ. ಗೇರ್ ಹಾಗೆಯೇ ಇತ್ತು. ಒಂದು ಕೆಲಸಕ್ಕೆ ಸಿದ್ಧವಾಗಲು ಬೇಕಾದದ್ದೆಲ್ಲ ಸೇರಿ ಗೇರ್.

1400ರಲ್ಲಿ ತೀರಿಕೊಂಡ ಇಂಗ್ಲಿಷ್ ಕವಿ ಚಾಸರನ ಬರಹದಲ್ಲಿ ಎರಡು ಕಡೆ ಇದನ್ನು ಹತ್ತಿರದಿಂದ ನೋಡಬಹುದು. ‘ಕ್ಯಾಂಟರ್ಬರಿ ಕತೆಗಳು’ ಪುಸ್ತಕದಲ್ಲಿ ನೈಟ್, ಅಂದರೆ ಕುದುರೆ ಸವಾರ ಯೋಧ, ಹೇಳುವ ಕತೆ. ಥೀಬ್ಸ್ ಊರಿನ ಯುದ್ಧ ಮುಗಿದಿದೆ. ಸತ್ತವರ ರಾಶಿ ಬಿದ್ದಿದೆ. ಕೊಳ್ಳೆ ಹೊಡೆಯುವವರು ಹೆಣಗಳ ಮೈಯಿಂದ ‘ಹಾರ್ನೆಸ್’ ಮತ್ತು ‘ವೀಡ್’ ಕಿತ್ತುಕೊಳ್ಳುತ್ತಿದ್ದಾರೆ, ಅಂದರೆ ಕವಚ ಮತ್ತು ಬಟ್ಟೆ. ಆ ರಾಶಿಯಲ್ಲಿ ಇಬ್ಬರು ತರುಣರು ಪಕ್ಕಪಕ್ಕ ಬಿದ್ದಿರುತ್ತಾರೆ. ಪೂರ್ತಿ ಬದುಕಿಯೂ ಇಲ್ಲ, ಪೂರ್ತಿ ಸತ್ತೂ ಇಲ್ಲ. ಇವರು ರಾಜವಂಶದವರು ಅಂತ ಗುರುತು ಹಿಡಿಯುವವರು ಹೆರಾಲ್ಡ್‌ಗಳು, ಅಂದರೆ ಮನೆತನಗಳ ಲಾಂಛನ ಬಲ್ಲ ಅಧಿಕಾರಿಗಳು. ಯಾವುದನ್ನು ನೋಡಿ? ಲಾಂಛನದ ಮೇಲಂಗಿ ಮತ್ತು ‘ಗೇರ್’ ನೋಡಿ. ಸುಮಾರು ಹನ್ನೆರಡು ಸಾಲಿನೊಳಗೆ ಮೂರು ಪದ. ಹಾರ್ನೆಸ್ ಮುಂದೆ ಕುದುರೆಯ ಪಾಲಾಯಿತು. ವೀಡ್ ಬಹುತೇಕ ಅಳಿಸಿಹೋಯಿತು. ಗೇರ್ ಯಂತ್ರದೊಳಗೆ ಸೇರಿತು. ಆದರೆ ಆ ಸಾಲುಗಳನ್ನು ಬರೆದ ಹೊತ್ತಿಗೆ ಮೂರೂ ಮನುಷ್ಯರ ಮೈಮೇಲೇ ಇದ್ದವು.

ಇಲ್ಲಿ ಗೇರ್ ಅನ್ನು ಸುಮ್ನೆ ‘ಕವಚ’ ಅಂತ ಕನ್ನಡಕ್ಕೆ ತರುವವರಿದ್ದಾರೆ. ನಾನು ಹಿಂದೇಟು ಹಾಕುತ್ತೇನೆ. ಮೇಲಂಗಿಯನ್ನು ಬೇರೆಯಾಗಿ ಹೇಳಿರುವುದರಿಂದ ಗೇರ್ ಅಂದರೆ ಮೈಮೇಲಿನ ಉಳಿದ ಸಜ್ಜು ಅಷ್ಟೂ ಇರಬಹುದು. ‘ಯುದ್ಧದ ತೊಡುಗೆ’ ಅಂದರೆ ತಪ್ಪಾಗುವುದಿಲ್ಲ.

ಎರಡನೆಯದು ಅದೇ ಪುಸ್ತಕದ ಗ್ರಿಸೆಲ್ಡಾ ಕತೆ. ಇಟಲಿಯ ಸಲೂಜೊ ಸೀಮೆಯ ಒಡೆಯ ಬಡವನ ಮಗಳನ್ನು ಮದುವೆಯಾಗಲು ಬರುತ್ತಾನೆ. ಅವಳ ಹಳೆಯ ‘ಗೇರ್’ ಒಂದೂ ತನ್ನ ಮನೆಯೊಳಗೆ ಬರಕೂಡದು ಅನ್ನುತ್ತಾನೆ. ಅಲ್ಲೇ ಅವಳನ್ನು ವಿವಸ್ತ್ರಗೊಳಿಸಲು ಹೆಂಗಸರಿಗೆ ಅಪ್ಪಣೆಯಾಗುತ್ತದೆ. ಇಲ್ಲಿ ಗೇರ್ ಅಂದರೆ ಬಟ್ಟೆಯಾ, ಅವಳ ಗಂಟುಮೂಟೆಯಾ? ಮುಂದಿನ ಸಾಲುಗಳನ್ನು ಓದಿದರೆ ಗೊತ್ತಾಗುತ್ತದೆ. ಅವಳು ಉಟ್ಟಿದ್ದ ಬಟ್ಟೆ ಮುಟ್ಟಲು ಆ ಹೆಂಗಸರಿಗೆ ಅಷ್ಟೇನೂ ಇಷ್ಟವಿರಲಿಲ್ಲ ಅಂತ ಚಾಸರ್ ಬರೆಯುತ್ತಾನೆ. ಪಕ್ಕದ ಸಾಲೇ ಅರ್ಥ ಹೇಳುವಾಗ ವಿಡಿಯೊದವರ ಹತ್ತಿರ ಯಾಕೆ ಹೋಗಬೇಕು? ಪದವನ್ನು ಒಂಟಿಯಾಗಿ ಹಿಡಿದು ಕತೆ ಕಟ್ಟಬೇಡಿ. ಅದರ ಹಿಂದಿನ, ಮುಂದಿನ ಸಾಲು ಓದಿ.

ಒಂದು ಎಚ್ಚರಿಕೆ ಹೇಳಲೇಬೇಕು. ಅದೇ ನೈಟ್‌ ಕತೆಯಲ್ಲಿ ಪ್ರೇಮಿಗಳ ವಿಚಿತ್ರ ‘ಗೇರ್‌ಗಳ’ ಮಾತು ಬರುತ್ತದೆ. ಅದನ್ನು ವಿಚಿತ್ರ ಉಡುಪು ಅಂತ ಓದಿದರೆ ಕೆಟ್ಟಿತು. ಅದು ಬೇರೆಯೇ ಪದ, ಅರ್ಥ ಚಂಚಲ ಮನಸ್ಸು. ಹಾಡಿಕೊಂಡು ಓಡಾಡುತ್ತಿದ್ದ ಆರ್ಸೈಟ್, ಅಂದರೆ ಆ ಇಬ್ಬರು ತರುಣರಲ್ಲಿ ಒಬ್ಬ, ಇದ್ದಕ್ಕಿದ್ದಂತೆ ಮಂಕಾಗುತ್ತಾನೆ. ಬಾವಿಯ ಬಕೆಟ್ಟಿನ ಹಾಗೆ ಈಗ ಮೇಲೆ, ಈಗ ಕೆಳಗೆ ಅಂತ ಚಾಸರನೇ ಹೇಳುತ್ತಾನೆ. ಬರೆಯುವ ರೂಪ ಒಂದೇ ಇದ್ದರೆ ಪದವೂ ಒಂದೇ ಅಂತಲ್ಲ.

ಹಾಗಾದರೆ ಚಕ್ರ ಎಲ್ಲಿಂದ ಬಂತು? ಸರಂಜಾಮು ಅನ್ನುವ ಅರ್ಥದಿಂದ. ನೇಗಿಲಿಗೆ, ಬಂಡಿಗೆ, ಹಡಗಿಗೆ, ಗಿರಣಿಗೆ ಅದರದರ ಗೇರ್ ಇರುತ್ತಿತ್ತು. ಯಂತ್ರದ ವಿಷಯ ಬಂದಾಗ, ಒಂದರ ಚಲನೆ ಇನ್ನೊಂದಕ್ಕೆ ದಾಟಿಸುವ ಭಾಗಗಳೆಲ್ಲ ಒಟ್ಟಾಗಿ ಗೇರ್. 16ನೇ ಶತಮಾನದಲ್ಲಿ ಹಲ್ಲಿನ ಚಕ್ರಗಳಿಗೆ ಈ ಹೆಸರು ಕಾಣಿಸಿಕೊಳ್ಳುತ್ತದೆ. ಮೊದಲು ಇಡೀ ಜೋಡಣೆಗೆ ಇದ್ದ ಹೆಸರು ನಿಧಾನಕ್ಕೆ ಅದರೊಳಗಿನ ಒಂದೊಂದು ಚಕ್ರಕ್ಕೂ ಇಳಿಯಿತು. 19ನೇ ಶತಮಾನದ ಕೊನೆಗೆ ಸೈಕಲ್ಲು, ಮೋಟಾರು ಬಂದಾಗ ಫಸ್ಟ್ ಗೇರ್, ಸೆಕೆಂಡ್ ಗೇರ್ ಅಂತ ಎಣಿಸುವ ಕಾಲ ಬಂತು. ಹಳೆಯ ಅರ್ಥ ಸತ್ತಿಲ್ಲ. ಮೀನುಗಾರರ ಬಲೆ, ಗಾಳ ಎಲ್ಲ ಸೇರಿ ‘ಫಿಶಿಂಗ್ ಗೇರ್’. ವಿಮಾನ ಇಳಿಯುವಾಗ ಹೊಟ್ಟೆಯಿಂದ ಚಾಚುವ ಗಾಲಿ, ಕಾಲುಗಳೆಲ್ಲ ಸೇರಿ ‘ಲ್ಯಾಂಡಿಂಗ್ ಗೇರ್’. ಅದಕ್ಕೂ ಹಲ್ಲಿನ ಚಕ್ರಕ್ಕೂ ಹೆಸರಿನ ಸಂಬಂಧ ಹುಡುಕಬೇಡಿ. ಸ್ಕಾಟ್ಲೆಂಡಿನಲ್ಲಿ ಗೇರ್ ಅಂದರೆ ಆಸ್ತಿ, ದುಡ್ಡು. 1786ರಲ್ಲಿ ಅಲ್ಲಿನ ಕವಿ ರಾಬರ್ಟ್ ಬರ್ನ್ಸ್ ತನ್ನ ಕಿರಿಯ ಗೆಳೆಯನಿಗೆ, ಮರ್ಯಾದೆ ಬಿಡದೆ ಗೇರ್ ಕೂಡಿಸು ಅಂತ ಪದ್ಯದಲ್ಲಿ ಬುದ್ಧಿ ಹೇಳುತ್ತಾನೆ. ದುಡ್ಡು ಮಾಡು ಅಂತ ಅವನ ಮಾತು.

ಬೈಕ್ ಓಡಿಸುವವರು ಜಾಕೆಟ್ಟು, ಗ್ಲೌಸು, ಬೂಟು ಹಾಕಿ ‘ಗೇರ್ ಹಾಕಿಕೊಂಡೆ’ ಅಂದರೆ ಅದು ಈ ಪದದ ತೀರ ಹಳೆಯ ಬಳಕೆ. ಕಾಲ ಕೆಳಗಿನ ಗೇರೇ ಹೊಸದು.

ಪ್ರಶ್ನೆ: ‘ರೋಮಿಯೊ ಅಂಡ್ ಜೂಲಿಯೆಟ್’ನಲ್ಲಿ ರೋಮಿಯೊ ವಿಷಕ್ಕೆ ‘ಗೇರ್’ ಅನ್ನುತ್ತಾನೆ. ಈಗಲೂ ಇಂಗ್ಲೆಂಡಿನ ಬೀದಿ ಭಾಷೆಯಲ್ಲಿ ಡ್ರಗ್ಸಿಗೆ ಗೇರ್ ಅಂತಾರೆ. ಆ ಅರ್ಥ ಶೇಕ್ಸ್‌ಪಿಯರನಿಂದಲೇ ಬಂತಾ?

ಇಲ್ಲ. ರೋಮಿಯೊ ಔಷಧದವನ ಹತ್ತಿರ ಬೇಗ ಕೆಲಸ ಮಾಡುವ ಗೇರ್ ಕೇಳುವುದು ನಿಜ. ಆ ಕಾಲಕ್ಕೆ ಗೇರ್ ಅಂದರೆ ‘ವಸ್ತು’, ‘ವಿಷಯ’ ಅನ್ನುವಷ್ಟು ಸಡಿಲವಾಗಿತ್ತು. ‘ಮರ್ಚಂಟ್ ಆಫ್ ವೆನಿಸ್’ನಲ್ಲಿ ಆಂಟೋನಿಯೊ ಅದೇ ಪದ ಹೇಳುವಾಗ ಅಲ್ಲಿ ವಿಷವೂ ಇಲ್ಲ, ಬಟ್ಟೆಯೂ ಇಲ್ಲ. ನಡುವೆ ನೂರಾರು ವರ್ಷ ಇರುವ ಎರಡು ಬಳಕೆಗೆ ಗಂಟು ಹಾಕುವ ಮುಂಚೆ ಆ ನಡುವಿನ ಕಾಲದ ಸಾಕ್ಷಿ ತೋರಿಸಬೇಕು. ಕತೆ ಹೇಳುವವರು ಯಾರೂ ತೋರಿಸುವುದಿಲ್ಲ.

ಪ್ರಶ್ನೆ: 1611ರ ಇಂಗ್ಲಿಷ್ ಬೈಬಲಿನಲ್ಲಿ ಇಸ್ರೇಲಿನ ರಾಜನ ‘ಹಾರ್ನೆಸ್’ ಸಂದಿಗೆ ಬಾಣ ತಗಲಿತು ಅಂತಿದೆ. ರಾಜ ಕುದುರೆಯ ಪಟ್ಟಿ ಕಟ್ಟಿಕೊಂಡಿದ್ದನಾ?

ಕವಚ ತೊಟ್ಟಿದ್ದ. ಬಾಣ ತಾಗಿದ್ದು ಅದರ ಭಾಗಗಳು ಕೂಡುವ ಜಾಗಕ್ಕೆ. ಹಾರ್ನೆಸ್ ಹಳೆಯ ಫ್ರೆಂಚಿನಿಂದ ಬಂದ ಪದ, ಮಧ್ಯಕಾಲದಲ್ಲಿ ಕವಚಕ್ಕೂ ಕುದುರೆಯ ಸಜ್ಜಿಗೂ ಎರಡಕ್ಕೂ ನಡೆಯುತ್ತಿತ್ತು. ಮ್ಯಾಕ್‌ಬೆತ್ ಕೊನೆಗೆ ‘ಬೆನ್ನ ಮೇಲೆ ಹಾರ್ನೆಸ್ ಇಟ್ಟುಕೊಂಡೇ ಸಾಯೋಣ’ ಅನ್ನುವುದೂ ಕವಚವನ್ನೇ. ಅದನ್ನು ‘ಎತ್ತಿನಂತೆ ದುಡಿದು ಸಾಯೋಣ’ ಅಂತ ವಿವರಿಸುವ ಗೈಡು ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಪರೀಕ್ಷೆಗೆ ಅದನ್ನು ಓದಬೇಡಿ. ಈಗ ಕಟ್ಟಡದ ಕೆಲಸದಲ್ಲಿ ಬೀಳದಂತೆ ಹಾಕುವ ಪಟ್ಟಿಗೆ ಹಾರ್ನೆಸ್ ಅನ್ನುವುದು ಕುದುರೆಯ ಕಡೆಯ ಅರ್ಥದಿಂದ ಬಂದದ್ದು.

ಪ್ರಶ್ನೆ: ಇಂಗ್ಲಿಷಿನಲ್ಲಿ ವಿಧವೆಯ ಉಡುಪಿಗೆ ‘ವೀಡ್ಸ್’ ಅನ್ನುವುದು ಗಂಡ ಸತ್ತವಳು ಕಳೆಯಂತೆ ಬೇಡವಾದವಳು ಅಂತಲಾ?

ಅಲ್ಲವೇ ಅಲ್ಲ. ಹೆಂಗಸರನ್ನು ನೋಯಿಸುವ ಇಂಥ ಕತೆಯನ್ನು ಹಂಚುವ ಮುಂಚೆ ಒಂದು ಸಲ ಯೋಚಿಸಿ. ಹೊಲದ ಕಳೆಗೆ ಇರುವ ಪದ ಬೇರೆ, ಬಟ್ಟೆಯ ಪದ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅವುಗಳ ಸ್ವರವೇ ಬೇರೆಯಾಗಿತ್ತು, ಆಮೇಲೆ ಸದ್ದು ಒಂದಾಯಿತು. ಮೇಲೆ ಹೇಳಿದ ಥೀಬ್ಸಿನ ಹೆಣಗಳ ಮೈಮೇಲೆ ಇದ್ದದ್ದೂ ಇದೇ ಬಟ್ಟೆಯ ವೀಡ್. ಅವರು ಗಂಡಸರು, ಯೋಧರು.

ಪ್ರಶ್ನೆ: ಗೇರ್ ಪದ ನಮ್ಮ ‘ಗೇರು’ವಿನಿಂದ ಹೋದದ್ದಾ?

ಇಲ್ಲ. ಗೇರು ಮರ, ಗೇರುಬೀಜ ಅದರ ಪಾಡಿಗೆ ಇರಲಿ.

ಪ್ರಶ್ನೆ: ಕವಚದ ಭಾರಕ್ಕೆ ನೈಟ್‌ಗಳನ್ನು ಕುದುರೆ ಮೇಲೆ ಎತ್ತಿ ಕೂರಿಸಲು ರಾಟೆ ಬೇಕಿತ್ತಂತೆ?

ಸುಳ್ಳು. ಯುದ್ಧಕ್ಕೆ ತೊಡುತ್ತಿದ್ದ ಪೂರ್ತಿ ಉಕ್ಕಿನ ಕವಚ ಸುಮಾರು 20ರಿಂದ 25 ಕಿಲೊ. ಆ ಭಾರ ಇಡೀ ಮೈಗೆ ಹಂಚಿಹೋಗುತ್ತಿತ್ತು. ತೊಟ್ಟವರು ಓಡುತ್ತಿದ್ದರು, ತಾವೇ ಕುದುರೆ ಹತ್ತುತ್ತಿದ್ದರು.

ಪ್ರಶ್ನೆ: ಇಂಥ ಪದಗಳನ್ನು ನಾವೇ ನೋಡಿಕೊಳ್ಳಲು ದುಡ್ಡು ಕೊಡದೆ ಯಾವ ನಿಘಂಟು ಸಿಗುತ್ತದೆ?

ಮಿಷಿಗನ್ ವಿಶ್ವವಿದ್ಯಾಲಯದ ‘ಮಿಡ್ಲ್ ಇಂಗ್ಲಿಷ್ ಡಿಕ್ಷನರಿ’, ಅಂದರೆ ಚಾಸರನ ಕಾಲದ ಇಂಗ್ಲಿಷಿನ ನಿಘಂಟು. 1952ರಿಂದ 2001ರವರೆಗೆ ಭಾಗ ಭಾಗವಾಗಿ ಅಚ್ಚಾಯಿತು, ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಹಳೆಯ ಕಾಗುಣಿತದಲ್ಲಿ ಹುಡುಕಿ. ಒಂದೇ ರೂಪಕ್ಕೆ ಎರಡು ನಮೂದು ಕಂಡರೆ ಎರಡನ್ನೂ ತೆರೆಯಿರಿ. ಅರ್ಥದ ಸಾಲು ಓದಿ ಮುಚ್ಚಬೇಡಿ, ಕೆಳಗೆ ವರ್ಷದ ಜೊತೆ ಕೊಟ್ಟಿರುವ ಉದಾಹರಣೆಗಳನ್ನು ಓದಿ.