ತಂತ್ರ ಪ್ರಶ್ನೋತ್ತರ: ರೋಬಾಟ್‌ಗೆ ಲೋಹದ ಸುಳಿವು

ಪ್ರಶ್ನೆ: ಕನ್ವೇಯರ್ ಮೇಲೆ ಬರುವ ಲೋಹದ ತುಂಡುಗಳನ್ನು ಬೇರ್ಪಡಿಸಲು ಎಲ್‌ಜೆ12ಎ3-4-ಝಡ್/ಬಿಎಕ್ಸ್ ಎಂಬ ಪ್ರಾಕ್ಸಿಮಿಟಿ ಸೆನ್ಸರ್ (ಹತ್ತಿರದ ಲೋಹವನ್ನು ಮುಟ್ಟದೆ ಗುರುತಿಸುವ ಸಾಧನ) ತಂದಿದ್ದೇವೆ. ಕಬ್ಬಿಣದ ಪಟ್ಟಿ ಬಂದರೆ ದೀಪ ಹತ್ತುತ್ತದೆ. ಅಲ್ಯುಮಿನಿಯಂ ಮಾತ್ರ ಮೂಗಿಗೇ ತಾಗುವಷ್ಟು ಹತ್ತಿರ ಬರಬೇಕು. ಸೆನ್ಸರ್ ಕೆಟ್ಟಿದೆಯೇ?
– ಡಿಪ್ಲೊಮಾ ವಿದ್ಯಾರ್ಥಿಗಳು, ದಾವಣಗೆರೆ

ಕೆಟ್ಟಿಲ್ಲ. ಹೆಸರಿನಲ್ಲಿರುವ 4 ಎಂದರೆ ಪತ್ತೆಯ ವ್ಯಾಪ್ತಿ 4 ಮಿ.ಮೀ. ಅದು 1 ಮಿ.ಮೀ. ದಪ್ಪದ ಮೆದು ಉಕ್ಕಿನ ತಗಡಿಗೆ ಹೇಳಿದ ಲೆಕ್ಕ. ಒಳಗಿನ ಕಾಯಿಲ್ (ತಂತಿ ಸುರುಳಿ) ಎದುರಿನ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿಸುತ್ತದೆ. ಅದು ಶಕ್ತಿ ನುಂಗಿದಂತೆ ಕಾಯಿಲನ್ನು ನಡೆಸುವ ಆಸಿಲೇಟರ್ (ಕಂಪನ ಹುಟ್ಟಿಸುವ ಸರ್ಕ್ಯೂಟ್) ಸೊರಗುತ್ತದೆ. ಸೆನ್ಸರ್ ಗಮನಿಸುವುದು ಇದನ್ನೇ. ತಾಮ್ರ, ಅಲ್ಯುಮಿನಿಯಂ ಒಳ್ಳೆಯ ವಾಹಕಗಳಾದ್ದರಿಂದ ನುಂಗುವ ಶಕ್ತಿ ಕಡಿಮೆ. ಪತ್ತೆಯ ದೂರ ಉಕ್ಕಿಗೆ 1 ಎಂದಿಟ್ಟುಕೊಂಡರೆ ಅಲ್ಯುಮಿನಿಯಂಗೆ ಸುಮಾರು 0.4, ತಾಮ್ರಕ್ಕೆ 0.3. ಅಂದರೆ ನಿಮ್ಮ 4 ಮಿ.ಮೀ. ಅಲ್ಯುಮಿನಿಯಂ ಪಾಲಿಗೆ ಒಂದೂವರೆ ಮಿ.ಮೀ. ಆಸುಪಾಸು. ತಮಾಷೆಯೆಂದರೆ, ಚಪಾತಿ ಸುತ್ತುವ ತೆಳು ಫಾಯಿಲ್ ದಪ್ಪ ಅಲ್ಯುಮಿನಿಯಂಗಿಂತ ದೂರದಿಂದಲೇ ಸಿಕ್ಕಿಬೀಳುತ್ತದೆ.

8 ಮಿ.ಮೀ. ವ್ಯಾಪ್ತಿಯ ಎಲ್‌ಜೆ18ಎ3-8 ಹಾಕಿ, ಅಂತರ 2 ಮಿ.ಮೀ. ಇಡಿ. ಈ ಎರಡೂ ಸೆನ್ಸರ್‌ಗಳು ಬದಿಯ ಲೋಹವನ್ನೂ ಗ್ರಹಿಸುವ ಜಾತಿಯವು. ಮುಖವನ್ನು ಕಬ್ಬಿಣದ ಕ್ಲಾಂಪಿನ ಮಟ್ಟಕ್ಕೆ ಕೂರಿಸಿದರೆ ದೀಪ ಆರುವುದೇ ಇಲ್ಲ. ಕ್ಲಾಂಪ್ ಪ್ಲಾಸ್ಟಿಕ್ಕಿನದೇ ಇರಲಿ.

ಪ್ರಶ್ನೆ: ಇದೇ ಸೆನ್ಸರನ್ನು 12 ವೋಲ್ಟ್‌ನಲ್ಲಿ ನಡೆಸಿ ಆರ್ಡುಯಿನೊ ಉನೊ ಎಂಬ ನಿಯಂತ್ರಕ ಬೋರ್ಡಿಗೆ ನೇರ ಜೋಡಿಸಿದೆ. ಎನ್‌ಪಿಎನ್ (ಲೋಹ ಕಂಡಾಗ ಔಟ್‌ಪುಟ್ಟನ್ನು ಗ್ರೌಂಡಿಗೆ ಸೇರಿಸುವ ಬಗೆ) ಆದರೆ ತೊಂದರೆಯಿಲ್ಲ ಎಂದಿದ್ದರು. ಪಿನ್ ಸುಟ್ಟಿತು.
– ಹವ್ಯಾಸಿ, ಧಾರವಾಡ

ಎನ್‌ಪಿಎನ್ ಔಟ್‌ಪುಟ್ ಬರಿಯ ಓಪನ್ ಕಲೆಕ್ಟರ್ (ತಾನಾಗಿ ವೋಲ್ಟೇಜ್ ಕೊಡದ ಸ್ವಿಚ್) ಆಗಿದ್ದರೆ ಆ ಮಾತು ಸರಿ. ಆದರೆ ಅಗ್ಗದ ಸೆನ್ಸರ್‌ಗಳಲ್ಲಿ ಔಟ್‌ಪುಟ್‌ನಿಂದ 12 ವೋಲ್ಟ್‌ಗೆ ಒಳಗೇ ಒಂದು ರೆಸಿಸ್ಟರ್ ಇರುವುದುಂಟು. ಲೋಹ ಎದುರಿಗಿಲ್ಲದಾಗ ಔಟ್‌ಪುಟ್‌ನ ಕಪ್ಪು ವೈರ್‌ನಲ್ಲಿ ಹತ್ತಿರ ಹತ್ತಿರ 12 ವೋಲ್ಟ್ ನಿಂತಿರುತ್ತದೆ. ಜೋಡಿಸುವ ಮುನ್ನ ಕಪ್ಪು ಮತ್ತು ನೀಲಿ ವೈರ್‌ಗಳ ನಡುವೆ ಮಲ್ಟಿಮೀಟರ್ ಇಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು.

ನಮ್ಮ ಆಯ್ಕೆ ಪಿಸಿ817 ಆಪ್ಟೊಕಪ್ಲರ್ (ಎರಡು ಸರ್ಕ್ಯೂಟ್‌ಗಳ ನಡುವೆ ಬೆಳಕಿನಿಂದ ಸಂಕೇತ ದಾಟಿಸುವ ಬಿಡಿಭಾಗ). ಕಂದು ವೈರ್‌ಗೆ 12 ವೋಲ್ಟ್, ನೀಲಿ ಗ್ರೌಂಡ್. 12 ವೋಲ್ಟ್‌ನಿಂದ 2.2 ಕಿಲೋಓಮ್ ಮೂಲಕ ಆಪ್ಟೊದ 1ನೇ ಕಾಲಿಗೆ, 2ನೇ ಕಾಲಿನಿಂದ ಕಪ್ಪು ವೈರ್‌ಗೆ. 4ನೇ ಕಾಲು ಆರ್ಡುಯಿನೊ ಪಿನ್‌ಗೆ, 3ನೇದು ಆರ್ಡುಯಿನೊ ಗ್ರೌಂಡ್‌ಗೆ. ಪ್ರೋಗ್ರಾಮಿನಲ್ಲಿ ಪಿನ್ ಬಗೆ ಇನ್‌ಪುಟ್ ಪುಲ್‌ಅಪ್ (ಸುಮ್ಮನಿದ್ದಾಗ ಪಿನ್ ಹೈ ಇರುವಂಥದು). ಲೋಹ ಬಂದಾಗ ಪಿನ್ ಲೋ ಆಗುತ್ತದೆ. 3.3 ವೋಲ್ಟ್‌ನ ಇಎಸ್‌ಪಿ32 ಬೋರ್ಡಿಗೂ ಇದೇ ಸರ್ಕ್ಯೂಟ್ ಸಾಕು. ಸೆನ್ಸರನ್ನೇ 5 ವೋಲ್ಟ್‌ನಲ್ಲಿ ನಡೆಸುವ ಉಪಾಯ ಬೇಡ: ಅದರ ಕನಿಷ್ಠ 6 ವೋಲ್ಟ್, ಅದಕ್ಕಿಂತ ಕೆಳಗೆ ವ್ಯಾಪ್ತಿಯನ್ನು ನಂಬುವಂತಿಲ್ಲ.

ಪ್ರಶ್ನೆ: ಮಣ್ಣಿನಲ್ಲಿ 10 ಸೆಂ.ಮೀ. ಆಳದ ಲೋಹ ಪತ್ತೆ ಮಾಡುವ ರೋಬಾಟ್ ಬೇಕು. ಯಾವ ಪ್ರಾಕ್ಸಿಮಿಟಿ ಸೆನ್ಸರ್ ಕೊಳ್ಳಲಿ?
– ಬಿ.ಇ. ವಿದ್ಯಾರ್ಥಿನಿ, ಮಂಗಳೂರು

ಯಾವುದೂ ಬೇಡ. ಮಿಲಿಮೀಟರ್ ಲೆಕ್ಕದ ಸೆನ್ಸರ್ ಇಲ್ಲಿ ಕೆಲಸಕ್ಕೆ ಬಾರದು. ದೊಡ್ಡ ಕಾಯಿಲನ್ನೇ ಸುತ್ತಬೇಕು. 20 ಸೆಂ.ಮೀ. ವ್ಯಾಸಕ್ಕೆ 0.4 ಮಿ.ಮೀ. ಎನಾಮೆಲ್ ತಂತಿ 25 ಸುತ್ತು, ಸುಮಾರು 16 ಮೀಟರ್ ಬೇಕು. ಇಂಡಕ್ಟೆನ್ಸ್ 280 ಮೈಕ್ರೊಹೆನ್ರಿ ಆಸುಪಾಸು ಬರುತ್ತದೆ. ಎರಡು 22 ನ್ಯಾನೊಫ್ಯಾರಡ್ ಕೆಪಾಸಿಟರ್‌ಗಳೊಡನೆ ಕೋಲ್ಪಿಟ್ಸ್ ಎಂಬ ಬಗೆಯ ಆಸಿಲೇಟರ್ ಕಟ್ಟಿದರೆ 90 ಕಿಲೋಹರ್ಟ್ಜ್ ಹತ್ತಿರ ಓಡುತ್ತದೆ. ಸೆರಾಮಿಕ್ ಬೇಡ, ಪಾಲಿಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ. ಅಗ್ಗದ ಸೆರಾಮಿಕ್ ಬಿಸಿಲಿಗೆ ಜಾರಿ, ಇಲ್ಲದ ಲೋಹ ತೋರಿಸುತ್ತದೆ. ಸುತ್ತುಗಳು ಅಲುಗದಂತೆ ವಾರ್ನಿಶ್ ಬಳಿಯಿರಿ.

ಲೋಹ ಬಂದರೆ ಆಸಿಲೇಟರಿನ ಆವೃತ್ತಿ (ಸೆಕೆಂಡಿಗೆ ಎಷ್ಟು ಕಂಪನ ಎಂಬುದು) ಬದಲಾಗುತ್ತದೆ. ತಾಮ್ರಕ್ಕೆ ಏರುತ್ತದೆ, ಕಬ್ಬಿಣದ ಮೊಳೆಗೆ ಸಾಮಾನ್ಯವಾಗಿ ಇಳಿಯುತ್ತದೆ. ಅಗಲವಾದ ಕಬ್ಬಿಣದ ತಗಡು ತಾಮ್ರದಂತೆ ಏರಿಸಿ ಮೋಸ ಮಾಡಬಹುದು, ಹಾಗಾಗಿ ‘ಯಾವ ಲೋಹ’ ಎಂದು ಪರದೆಯಲ್ಲಿ ತೋರಿಸುವ ಆಸೆ ಬಿಡಿ.

ಆವೃತ್ತಿ ಎಣಿಸಲು ಆರ್ಡುಯಿನೊದ ಫ್ರೀಕ್‌ಕೌಂಟ್ ಲೈಬ್ರರಿ (ಸಿದ್ಧ ಪ್ರೋಗ್ರಾಮ್) ಚೆನ್ನ, ಆದರೆ ಹೆಚ್ಚಿನವರು ಎಡವುವುದು ಇಲ್ಲೇ. ಉನೊದಲ್ಲಿ ಸಿಗ್ನಲ್ ಪಿನ್ 5ಕ್ಕೇ ಬರಬೇಕು; 3, 9, 10, 11ರಲ್ಲಿ ಪಿಡಬ್ಲ್ಯುಎಂ (ಮೋಟಾರ್ ವೇಗ ಹೊಂದಿಸುವ ಮಿಡಿತ) ಸಿಗದು. ಎಲ್298ಎನ್ ಮೋಟಾರ್ ಡ್ರೈವರಿನ ವೇಗದ ಪಿನ್‌ಗಳನ್ನು ಅಲ್ಲಿಟ್ಟಿದ್ದರೆ ಗಾಡಿ ಕದಲುವುದಿಲ್ಲ. ತಪ್ಪನ್ನು ನೀವು ಕಾಯಿಲ್‌ನಲ್ಲಿ ಹುಡುಕುತ್ತಾ ಕೂರುತ್ತೀರಿ. ಪಿಡಬ್ಲ್ಯುಎಂಗೆ ಉಳಿಯುವುದು ಪಿನ್ 6 ಒಂದೇ. ಎರಡೂ ಮೋಟಾರಿಗೆ ಅದನ್ನೇ ಕೊಟ್ಟು, ದಿಕ್ಕಿನ ಪಿನ್‌ಗಳಿಂದ ತಿರುಗಿಸಿ. ಇಲ್ಲವೇ ಎಣಿಕೆಗೆಂದೇ ಒಂದು ಆರ್ಡುಯಿನೊ ನ್ಯಾನೊ ಬೋರ್ಡ್ ಇಡಿ. ನಾವಾದರೆ ಹಾಗೇ ಮಾಡುತ್ತೇವೆ. ಅರ್ಧ ಸೆಕೆಂಡು ಎಣಿಸಿದರೆ 2 ಹರ್ಟ್ಜ್ ಬದಲಾವಣೆಯೂ ಕಾಣುತ್ತದೆ. ಆದರೆ ಆ ಅರ್ಧ ಸೆಕೆಂಡಿನಲ್ಲಿ ಗಾಡಿ ಕಾಯಿಲ್‌ನಷ್ಟು ದೂರ ಓಡಿಬಿಡಬಾರದು.

ಕಾಯಿಲ್‌ಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ ಗ್ರೌಂಡ್ ಮಾಡಿದರೆ ಹಸಿ ಹುಲ್ಲು ತಾಗಿದಾಗಿನ ಏರಿಳಿತ ತಗ್ಗುತ್ತದೆ. ಫಾಯಿಲ್ ಪೂರ್ತಿ ವೃತ್ತವಾಗಕೂಡದು, 1 ಸೆಂ.ಮೀ. ಬಿಡಿ, ಇಲ್ಲದಿದ್ದರೆ ಅದೇ ಒಂದು ಶಾರ್ಟ್ ಆದ ಸುತ್ತಾಗಿ ಕುಳಿತುಕೊಳ್ಳುತ್ತದೆ. ಕಾಯಿಲನ್ನು ಪಿವಿಸಿ ಪೈಪಿನಲ್ಲಿ ಮೋಟಾರ್, ಬ್ಯಾಟರಿಗಳಿಂದ 30 ಸೆಂ.ಮೀ. ಮುಂದೆ ಚಾಚಿ. ಪ್ರತಿ ಮೋಟಾರಿನ ತುದಿಗಳಿಗೆ 100 ನ್ಯಾನೊಫ್ಯಾರಡ್ ಬೆಸುಗೆ ಹಾಕಿ.

ನಿಮ್ಮ ಕರಾವಳಿಯ ಮುರಕಲ್ಲಿನ ಮಣ್ಣಲ್ಲೇ ಕಬ್ಬಿಣದ ಅಂಶವಿದೆ. ಕಾಯಿಲ್ ಎತ್ತರ ಒಂದೆರಡು ಸೆಂ.ಮೀ. ಬದಲಾದರೂ ಆವೃತ್ತಿ ಕುಣಿಯುತ್ತದೆ. ಅದಕ್ಕೇ ಕಾಯಿಲ್ ಕೆಳಗೆ ಸಣ್ಣ ಪ್ಲಾಸ್ಟಿಕ್ ಚಕ್ರ ಕೂರಿಸಿ ಎತ್ತರ ಕಾಯ್ದುಕೊಳ್ಳಿ. ‘ಶೂನ್ಯ’ವನ್ನು (ಲೋಹವಿಲ್ಲದಾಗಿನ ಆವೃತ್ತಿಯನ್ನು) ಒಮ್ಮೆ ನಿಗದಿ ಮಾಡಿ ಬಿಡದೆ, ಕಳೆದ ಹತ್ತು ಸೆಕೆಂಡಿನ ಸರಾಸರಿಯನ್ನೇ ಶೂನ್ಯವಾಗಿಡಿ.