ಏರ್‌ಪೋರ್ಟ್ ಲೌಂಜ್‌ನಲ್ಲಿ 2 ರೂಪಾಯಿಗೆ ತಿಂಡಿ ಹೇಗೆ ಕೊಡ್ತಾರೆ?

ನಿಮ್ಮ ಪರವಾಗಿ ಬ್ಯಾಂಕ್ ದುಡ್ಡು ಕೊಡುತ್ತದೆ, ಅಷ್ಟೇ. ಲೌಂಜ್ ಅಂದರೆ ವಿಮಾನಕ್ಕೆ ಕಾಯುವವರು ಆರಾಮಾಗಿ ಕೂತು ತಿಂಡಿ ತಿನ್ನುವ ಜಾಗ. ಅದರ ಬಾಗಿಲಲ್ಲಿ ನಿಮ್ಮ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್ ಉಜ್ಜಿ 2 ರೂಪಾಯಿ ತೆಗೆದುಕೊಳ್ಳುತ್ತಾರಲ್ಲ, ಅದು ಕಾರ್ಡ್ ಚಾಲ್ತಿಯಲ್ಲಿದೆಯಾ, ಅದಕ್ಕೆ ಈ ಸೌಲಭ್ಯ ಇದೆಯಾ ಅಂತ ನೋಡೋಕೆ. ಆಮೇಲೆ ತಲೆಗಿಷ್ಟು ಅಂತ ಬ್ಯಾಂಕ್ ಅಥವಾ ಕಾರ್ಡ್ ಕಂಪನಿ ಲೌಂಜ್‌ನವರಿಗೆ ಕಟ್ಟುತ್ತದೆ. ಸುಮ್ನೆ ಎಷ್ಟು ಜನರಿಗೆ ಅಂತ ಕೊಡ್ತಾರೆ? ಅದಕ್ಕೇ ಈಗ ಹಲವು ಬ್ಯಾಂಕ್‌ಗಳು ಹಿಂದಿನ ಮೂರು ತಿಂಗಳಲ್ಲಿ ಕಾರ್ಡ್‌ನಿಂದ ಇಂತಿಷ್ಟು ಖರ್ಚಾಗಿರಬೇಕು ಅಂತ ಷರತ್ತು ಹಾಕಿವೆ. ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ದಾವಣಗೆರೆಯಿಂದ ರಾತ್ರಿ ಬಸ್ ಹತ್ತಿ, ಬೆಂಗಳೂರಿನಲ್ಲಿ ಬೆಳಗಿನ ಜಾವವೇ ಇಳಿದು ಹತ್ತು ಗಂಟೆಯ ವಿಮಾನಕ್ಕೆ ಕಾಯುವ ನಮ್ಮಂಥವರಿಗೆ ಇದು ಒಳ್ಳೆಯದೇ. ಮುಖ ತೊಳೆದು, ಫೋನ್ ಚಾರ್ಜಿಗಿಟ್ಟು, ಬಿಸಿ ಇಡ್ಲಿ ತಿನ್ನಬಹುದು. ನಮ್ಮೂರ ಬೆಣ್ಣೆದೋಸೆ ಮಾತ್ರ ನಿರೀಕ್ಷಿಸಬೇಡಿ.