ಹತ್ತು ದಿನ, ಆರು ಸಾಲು

ಓದುಗರ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದವರು ಮಲೆನಾಡಿನ ಪದವಿ ಕಾಲೇಜೊಂದರ ರಾಜ್ಯಶಾಸ್ತ್ರ ಉಪನ್ಯಾಸಕಿ.

ಪ್ರಶ್ನೆ: ಮೇಡಂ, ಮಸೂದೆ ಕಾಯ್ದೆಯಾಗುವುದು ಹೇಗೆ ಅಂತ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದೇನೆ. ಆದರೆ ಒಂದು ಮಸೂದೆಯನ್ನೂ ಕಣ್ಣಾರೆ ನೋಡಿಲ್ಲ. ನಮ್ಮಣ್ಣ ಬೆಂಗಳೂರಿನಲ್ಲಿ ಊಟದ ಡೆಲಿವರಿ ಮಾಡುತ್ತಾನೆ. ಅಂಥವರಿಗಾಗಿ ಕಾಯ್ದೆ ಬಂದಿದೆಯಂತೆ. ನಮ್ಮಂಥವರು ಫೋನಿನಿಂದ ಒಂದು ಅಭಿಪ್ರಾಯ ಬರೆದು ಕಳಿಸಿದರೆ ಅದಕ್ಕೆ ಬೆಲೆ ಇರುತ್ತದಾ?
– ಬಿ.ಎ. ವಿದ್ಯಾರ್ಥಿನಿ, ಹಾವೇರಿ

ಉತ್ತರ: ಇರುತ್ತದೆ. ಗಡುವಿನೊಳಗೆ ಹೋಗಬೇಕು, ನಿಮ್ಮದೇ ಮಾತಾಗಿರಬೇಕು, ಅಷ್ಟೇ.

ನಿಮ್ಮಣ್ಣನ ಕಾಯ್ದೆಯಿಂದಲೇ ಶುರು ಮಾಡೋಣ. ಗಿಗ್ ಕಾರ್ಮಿಕರ, ಅಂದರೆ ನಿಮ್ಮಣ್ಣನ ಹಾಗೆ ಆ್ಯಪ್ ಮೂಲಕ ಕೆಲಸ ಮಾಡುವವರ ಮಸೂದೆಯ ಕರಡನ್ನು ಕರ್ನಾಟಕ ಸರ್ಕಾರ 2024ರ ಜೂನ್ ಕೊನೆಯಲ್ಲಿ ಜನರ ಮುಂದಿಟ್ಟಿತು. ಆಕ್ಷೇಪಣೆ, ಸಲಹೆ ಕಳಿಸಲು ಸಿಕ್ಕಿದ್ದು ಸುಮಾರು ಹತ್ತು ದಿನ. ನಾನು ಅದರ ಪಿಡಿಎಫ್ ಅನ್ನು ನಮ್ಮ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಅರ್ಧಕ್ಕರ್ಧ ಮಕ್ಕಳು ತೆರೆದೇ ನೋಡಲಿಲ್ಲ. ತೆರೆದವರು ಶುರುವಿನ ವ್ಯಾಖ್ಯೆಗಳಲ್ಲೇ ಸುಸ್ತಾದರು. ಮರುದಿನ ತರಗತಿಯಲ್ಲಿ, "ವ್ಯಾಖ್ಯೆ ಆಮೇಲೆ ನೋಡೋಣ, ಕೆಲಸದಿಂದ ತೆಗೆಯುವುದರ ಬಗ್ಗೆ ಏನಿದೆ ಹುಡುಕಿ" ಅಂದೆ. ಒಂದು ಪದ ಟೈಪ್ ಮಾಡಿದ ಕೂಡಲೇ ಸೆಕ್ಷನ್ ಸಿಕ್ಕಿತು. ಕಾರಣ ಬರೆದು ಕೊಡದೆ, 14 ದಿನ ಮೊದಲೇ ನೋಟಿಸ್ ಕೊಡದೆ ಯಾರನ್ನೂ ತೆಗೆಯುವಂತಿಲ್ಲ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ರಜೆಯಲ್ಲಿ ಬೆಂಗಳೂರಿಗೆ ಹೋಗಿ ಎರಡು ತಿಂಗಳು ಡೆಲಿವರಿ ಮಾಡಿ ಬಂದವನು. "ಮೇಡಂ, ಕೆಲಸದಿಂದ ತೆಗೆಯೋದೇ ಇಲ್ಲ. ಆ್ಯಪ್‌ನಲ್ಲಿ ನಮ್ಮ ಐಡಿ ಬ್ಲಾಕ್ ಮಾಡ್ತಾರೆ. ಮೂರು ದಿನ ಆದ್ಮೇಲೆ ಬಿಡ್ತಾರೆ. ಆ ಮೂರು ದಿನ ದುಡಿಮೆ ಇಲ್ಲ. ನಾನು ರೂಮ್ ಬಾಡಿಗೆಗೆ ಸಾಲ ಮಾಡಿದ್ದೆ" ಅಂದ.

ಆ ಸೆಕ್ಷನ್ ಅನ್ನು ನಾನು ಮೂರು ಸಲ ಓದಿದ್ದೆ. ಮೂರು ದಿನದ ಬ್ಲಾಕ್ ಕೂಡ ಅದರೊಳಗೆ ಬರುತ್ತದಾ ಎಂಬ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅನುಭವಿಸಿದವನಿಗೆ ತಕ್ಷಣ ಹೊಳೆಯಿತು. ಅದನ್ನೇ ಬರಿ ಅಂದೆ. ಯಾವ ಸೆಕ್ಷನ್, ತನಗೆ ಏನಾಯಿತು, ಏನು ಸೇರಿಸಬೇಕು. ಆರು ಸಾಲಿನಲ್ಲಿ ಮುಗಿಯಿತು. ಗಡುವಿಗೆ ಒಂದು ದಿನ ಮೊದಲು ಅವನ ಫೋನಿನಿಂದಲೇ ಇಮೇಲ್ ಹೋಯಿತು.

2025ರಲ್ಲಿ ಅದು ಕಾಯ್ದೆಯಾದಾಗ ಎಲ್ಲರೂ ಮಾತಾಡಿದ್ದು ಕಲ್ಯಾಣ ಶುಲ್ಕದ ಬಗ್ಗೆ. ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಕಂಪನಿಗಳು ಶೇಕಡಾ 1ರಿಂದ 5ರಷ್ಟು ಕಟ್ಟಬೇಕು. ನಮ್ಮ ಹುಡುಗ ಮಾತ್ರ ಮೊದಲು ತೆರೆದದ್ದು ನೋಟಿಸಿನ ಸೆಕ್ಷನ್ನನ್ನೇ. ಇವತ್ತು ಆ ಕಾಯ್ದೆ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಹತ್ತು ದಿನ ಸಾಲುತ್ತದಾ? ಖಂಡಿತ ಸಾಲುವುದಿಲ್ಲ. ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಅಂತ ಕೇಂದ್ರ ಸರ್ಕಾರ 2014ರಲ್ಲಿ ಒಂದು ನೀತಿ ಮಾಡಿತು. ಅದು ಕಾಯ್ದೆಯಲ್ಲ, ಹಾಗಾಗಿ ಎಷ್ಟೋ ಮಸೂದೆಗಳು ಅದನ್ನು ದಾಟಿಕೊಂಡೇ ಹೋಗಿವೆ. ನಮ್ಮ ರಾಜ್ಯದಲ್ಲಿ 30 ದಿನ ಕಡ್ಡಾಯ ಆಗಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೆಳಿಗ್ಗೆ ಆರೂವರೆ ಬಸ್ಸಿಗೆ ಹಳ್ಳಿ ಬಿಟ್ಟು ಬರುವ ಹುಡುಗಿಗೆ ಇಂಥ ಸುದ್ದಿ ತಲುಪುವುದಕ್ಕೇ ಒಂದು ವಾರ ಬೇಕು.

ಎಲ್ಲಿ ಹುಡುಕಬೇಕು ಅಂತೀರಾ? ರಾಜ್ಯದ ಕರಡುಗಳನ್ನು ಆಯಾ ಇಲಾಖೆಯ ಜಾಲತಾಣದಲ್ಲಿ ನೋಡಿ. ಕೇಂದ್ರದ ಕೆಲವು ಕರಡುಗಳು ಮೈಗವ್ ತಾಣಕ್ಕೆ ಬರುತ್ತವೆ. 2025ರ ಜನವರಿಯಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ನಿಯಮಗಳಿಗೆ ಅಭಿಪ್ರಾಯ ಕೇಳಿದ್ದು ಅಲ್ಲೇ. ಮಸೂದೆ ಮಂಡನೆಯಾದ ಮೇಲೂ ದಾರಿ ಮುಚ್ಚುವುದಿಲ್ಲ. ಸಂಸತ್ತಿನ ಸ್ಥಾಯಿ ಸಮಿತಿಗೆ, ಅಂದರೆ ಮಸೂದೆಯನ್ನು ಪರಿಶೀಲಿಸುವ ಸಂಸದರ ಸಮಿತಿಗೆ ಹೋದ ಮಸೂದೆಗೆ ಸಮಿತಿಯೇ ಜನರಿಂದ ಲಿಖಿತ ಅಭಿಪ್ರಾಯ ಕೇಳುವುದುಂಟು. ಇನ್ನೊಂದು ಮಾತು. ಕನ್ನಡ ಮಸೂದೆಯಲ್ಲಿ 'ಪ್ರಕರಣ' ಅಂತ ಕಂಡರೆ ಕೋರ್ಟು ಕೇಸು ಅಂದುಕೊಳ್ಳಬೇಡಿ. ಸೆಕ್ಷನ್‌ಗೆ ಅಲ್ಲಿ ಅದೇ ಹೆಸರು.

ಪ್ರಶ್ನೆ: ಗುಂಪಿನಲ್ಲಿ ಬಂದ ಸಿದ್ಧ ಇಮೇಲನ್ನೇ ಕಳಿಸಿದರೆ ಆಗಲ್ವಾ? ಅಥವಾ ಎಐ ಹತ್ತಿರ ಬರೆಸಬಹುದಾ?
– ಡಿಪ್ಲೊಮಾ ವಿದ್ಯಾರ್ಥಿ, ಗದಗ

ಉತ್ತರ: ಸಿದ್ಧ ಇಮೇಲಿಗೂ ಬಲ ಇದೆ. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಇಂಟರ್ನೆಟ್ ಬಗ್ಗೆ 118 ಪುಟದ ಸಮಾಲೋಚನಾ ಪತ್ರ ಹೊರಡಿಸಿ 20 ಪ್ರಶ್ನೆ ಕೇಳಿತ್ತು. ಕೆಲವು ಆ್ಯಪ್‌ಗಳಿಗೆ ಒಂದು ದರ, ಉಳಿದವಕ್ಕೆ ಇನ್ನೊಂದು ದರ ಇಡಬಹುದಾ ಅನ್ನುವುದು ಅದರಲ್ಲಿದ್ದ ದೊಡ್ಡ ಪ್ರಶ್ನೆ. ಅಷ್ಟನ್ನೂ ಓದುವವರು ಯಾರು? ಸ್ವಯಂಸೇವಕರು ಉತ್ತರಗಳನ್ನು ಬರೆದು ಒಂದು ತಾಣದಲ್ಲಿಟ್ಟರು. ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. 2016ರ ಫೆಬ್ರುವರಿಯಲ್ಲಿ ಟ್ರಾಯ್ ಅಂಥ ದರಭೇದವನ್ನು ನಿಷೇಧಿಸಿತು. ಬೇಕು ಅಥವಾ ಬೇಡ ಅನ್ನುವ ಪ್ರಶ್ನೆ ಬಂದಾಗ ಸಂಖ್ಯೆಗೆ ತೂಕ ಇರುತ್ತದೆ. ಆದರೆ ಐಡಿ ಬ್ಲಾಕ್‌ನಂಥ ವಿಷಯ ಸಿದ್ಧ ಇಮೇಲಿನಲ್ಲಿ ಎಲ್ಲಿಂದ ಬರಬೇಕು?

ಆಗ ಬಂದ ಇಮೇಲ್‌ಗಳನ್ನು ಟ್ರಾಯ್ ಕಳಿಸಿದವರ ವಿಳಾಸ ಸಮೇತ ತನ್ನ ತಾಣದಲ್ಲಿ ಹಾಕಿಬಿಟ್ಟಿತ್ತು. ಕೇಳಿದ್ದಕ್ಕಿಂತ ಜಾಸ್ತಿ ವೈಯಕ್ತಿಕ ವಿವರ ಬರೆಯಬೇಡಿ.

ಎಐ ಅನ್ನು ಅರ್ಥ ಮಾಡಿಕೊಳ್ಳಲು ಬಳಸಿ. ಕಷ್ಟದ ಸೆಕ್ಷನ್ ಕೊಟ್ಟು, ಸರಳ ಕನ್ನಡದಲ್ಲಿ ಹೇಳು ಅನ್ನಿ. ಆಮೇಲೆ ಮೂಲ ತೆರೆದು ಹೋಲಿಸಿ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಅದು ಕರಡಿನಲ್ಲಿ ಇಲ್ಲದ ಸೆಕ್ಷನ್ ನಂಬರನ್ನೇ ಕೊಟ್ಟಿತ್ತು. ಅಭಿಪ್ರಾಯವನ್ನು ಮಾತ್ರ ನೀವೇ ಬರೆಯಿರಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ.

ಪ್ರಶ್ನೆ: ನನಗೆ 16 ವರ್ಷ. ಮತ ಹಾಕಲು ಇನ್ನೂ ಎರಡು ವರ್ಷ ಇದೆ. ಅಲ್ಲಿಯವರೆಗೆ ಸುಮ್ನೆ ಕೂರಬೇಕಾ? ನಮ್ಮ ಶಾಲೆಯ ಶೌಚಾಲಯದಲ್ಲಿ ನೀರೇ ಬರಲ್ಲ.
– ಹಳ್ಳಿಯ ವಿದ್ಯಾರ್ಥಿನಿ, ಕೊಪ್ಪಳ ಜಿಲ್ಲೆ

ಉತ್ತರ: ಬೇಡಮ್ಮ, ಸುಮ್ಮನೆ ಕೂರಬೇಡ. ತೈವಾನ್‌ನಲ್ಲಿ 'ಜಾಯಿನ್' ಅಂತ ಸರ್ಕಾರದ್ದೇ ಒಂದು ತಾಣ ಇದೆ. ಅಲ್ಲಿ ಹಾಕಿದ ಸಲಹೆಗೆ 60 ದಿನದಲ್ಲಿ 5,000 ಜನ ಬೆಂಬಲ ಕೊಟ್ಟರೆ ಸರ್ಕಾರ ಉತ್ತರ ಕೊಡಲೇಬೇಕು. 2017ರಲ್ಲಿ ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟಗಳನ್ನು ಹಂತ ಹಂತವಾಗಿ ನಿಲ್ಲಿಸಿ ಅಂತ ಅಲ್ಲಿ ಬರೆದು ಅಷ್ಟು ಬೆಂಬಲ ಪಡೆದದ್ದು ನಿನ್ನದೇ ವಯಸ್ಸಿನ ಹುಡುಗಿ, ಶಾಲೆಯಲ್ಲಿ ಕೊಟ್ಟ ಪಾಠದ ಕೆಲಸಕ್ಕಾಗಿ. 2019ರ ಜುಲೈನಿಂದ ಅಲ್ಲಿನ ಸರ್ಕಾರಿ ಕಚೇರಿ, ಶಾಲೆ, ಮಾಲ್‌ಗಳಲ್ಲಿ ಕೂತು ಕುಡಿಯುವವರಿಗೆ ಪ್ಲಾಸ್ಟಿಕ್ ಸ್ಟ್ರಾ ಕೊಡುವುದು ನಿಂತಿತು.

ನಿನಗೆ ಮಕ್ಕಳ ಗ್ರಾಮಸಭೆ ಇದೆ, ಪಂಚಾಯಿತಿ ಮಕ್ಕಳ ಮಾತು ಕೇಳಲೆಂದೇ ನಡೆಸುವ ಸಭೆ. ಈ ವರ್ಷ ಯಾವ ದಿನ ನಡೆಸುತ್ತೀರಿ ಅಂತ ಪಂಚಾಯಿತಿಯ ಪಿಡಿಒ ಅವರನ್ನು ಕೇಳು. ಅಲ್ಲಿಯವರೆಗೆ ಮನೆಯ ಫೋನಿನಲ್ಲಿ ಒಣಗಿದ ನಲ್ಲಿಯ ಫೋಟೊ ತೆಗೆದಿಟ್ಟುಕೋ. ನೀರು ಬಾರದ ಒಂದೊಂದು ದಿನದ ತಾರೀಕನ್ನೂ ಬರೆದುಕೋ. ಸಭೆಯಲ್ಲಿ ಅದನ್ನು ತೋರಿಸಿ ಮಾತಾಡು. ನಿನ್ನ ಮಾತನ್ನು ನಡಾವಳಿಯಲ್ಲಿ ಬರೆದುಕೊಂಡರಾ ಅಂತ ನೋಡಿಕೊಂಡೇ ಎದ್ದು ಬಾ.